ಕುಲಧರಾಕ್ಕೆ ಹೋದವರು ಎಲ್ಲಿ ವಸ್ತಿ ಮಾಡಬೇಕು?

ನಮ್ಮ ಸೀಮೆಯ ಕನ್ನಡದಲ್ಲಿ ‘ವಸ್ತಿ’ ಎಂದರೆ ರಾತ್ರಿ ತಂಗುವುದು. ಸಂಜೆ ಊರಿಗೆ ಬಂದು, ರಾತ್ರಿ ಅಲ್ಲಿಯೇ ನಿಂತು, ನಸುಕಿನಲ್ಲಿ ಹೊರಡುವ ಬಸ್ಸನ್ನು ವಸ್ತಿ ಬಸ್ಸು ಎನ್ನುತ್ತೇವೆ. ಮನೆಗೆ ಬಂದ ಬೀಗರಿಗೆ “ಇವತ್ತ ವಸ್ತಿ ಇರ್ರಿ, ಮುಂಜಾನೆ ಹೋಗೀರಂತ” ಎಂದು ಒತ್ತಾಯ ಮಾಡುತ್ತೇವೆ. ಮರಾಠಿಯಲ್ಲಿಯೂ ‘ವಸ್ತೀಲಾ ರಾಹಣೇ’ ಎಂದರೆ ಇದೇ ಅರ್ಥ. ಆದರೆ ಬರಿದೇ ‘ವಸ್ತೀ’ ಎಂದಾಗ ಜನ ನೆಲೆನಿಂತ ಜಾಗ, ಮನೆಗಳ ಗುಂಪು ಎಂಬುದೇ ಅಲ್ಲಿ ಮೊದಲು ಹೊಳೆಯುತ್ತದೆ. ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿಯೂ ಐದರಿಂದ ಮುಂದೆ ಮರಾಠಿ ಶಾಲೆಯಲ್ಲಿಯೂ ಓದಿದ ನನಗೆ ಈ ಎರಡು ಅರ್ಥಗಳು ಇಂದಿಗೂ ಒಟ್ಟಿಗೇ ಕೇಳಿಸುತ್ತವೆ. ಒಂದು ರಾತ್ರಿಯ ತಂಗುವಿಕೆಯೂ ವಸ್ತಿ, ಹತ್ತಾರು ತಲೆಮಾರುಗಳ ನೆಲೆಯೂ ವಸ್ತಿ.

ಈ ಶಬ್ದವಿಚಾರ ಈಗ ನೆನಪಿಗೆ ಬರಲು ನಮ್ಮ ವಿಭಾಗದ ಅಧ್ಯಯನ ಪ್ರವಾಸ ಕಾರಣ. ಪ್ರವಾಸ ಸಾಹಿತ್ಯದ ಪತ್ರಿಕೆಯನ್ನು ಓದುತ್ತಿರುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಈ ಸಲ ಜೈಸಲ್ಮೇರಕ್ಕೆ, ಅದರಲ್ಲಿಯೂ ಕುಲಧರಾ ಎಂಬ ಪಾಳುಬಿದ್ದ ಹಳ್ಳಿಗೆ ಹೋಗಬೇಕೆಂದು ಕೇಳಿದರು. ನಾನು ಸಂತೋಷದಿಂದಲೇ ಒಪ್ಪಿದೆ. ಭಿನ್ನಾಭಿಪ್ರಾಯ ಹುಟ್ಟಿದ್ದು ರಾತ್ರಿಯ ವಿಷಯದಲ್ಲಿ. ಮರಳ ದಿಬ್ಬದ ಮೇಲೆ ಬಿಳಿಯ ಡೇರೆಗಳು, ನಡುವೆ ಉರಿಯುವ ಬೆಂಕಿ, ಸುತ್ತ ಕುಣಿಯುವವರು ಇರುವ ಚಿತ್ರಗಳನ್ನು ಎಲ್ಲರೂ ತಮ್ಮ ಮೊಬೈಲಿನಲ್ಲಿ ನನಗೆ ತೋರಿಸಿದರು. ಇನ್ನು ಕೆಲವರಿಗೆ ಕೋಟೆಯೊಳಗೇ ಮಲಗಬೇಕೆಂಬ ಆಸೆ. ಕೈ ಎತ್ತಿಸಿ ಎಣಿಸಿದಾಗ ಡೇರೆಗಳಿಗೆ ಬಹುಮತ ಬಂದಿತು. ನನ್ನ ಅಭಿಪ್ರಾಯ ಈ ಎರಡಕ್ಕೂ ವಿರುದ್ಧವಾಗಿದೆ. ವರ್ಗದ ಗಂಟೆ ಬಾರಿಸಿದ್ದರಿಂದ ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಊರಿನ ವಿಚಾರ. ಕುಲಧರಾ ಜೈಸಲ್ಮೇರದಿಂದ ನೈಋತ್ಯಕ್ಕೆ ಸುಮಾರು 18 ಕಿಲೋಮೀಟರು ದೂರದಲ್ಲಿದೆ. ಪಾಲಿ ಎಂಬ ಊರಿನಿಂದ ಬಂದುದರಿಂದ ಪಾಲಿವಾಲರೆಂದು ಹೆಸರಾದ ಬ್ರಾಹ್ಮಣರು ಕಟ್ಟಿದ ಹಳ್ಳಿ ಅದು. ನೇರವಾದ ಬೀದಿಗಳು, ಮಾಡು ಬಿದ್ದುಹೋದ ಕಲ್ಲಿನ ಗೋಡೆಗಳು, ನಡುವೆ ಒಂದು ಗುಡಿ, ಮೆಟ್ಟಿಲ ಬಾವಿ, ಪಕ್ಕದಲ್ಲಿ ಬತ್ತಿದ ಕಾಕನೀ ನದಿಯ ಪಾತ್ರ: ಇಷ್ಟು ಈಗ ಕಾಣಸಿಗುತ್ತದೆ. ನಾನೂರಕ್ಕೂ ಹೆಚ್ಚು ಮನೆಗಳ ಅವಶೇಷಗಳಿವೆ. ಹತ್ತೊಂಬತ್ತನೆಯ ಶತಮಾನದ ಆರಂಭದ ಹೊತ್ತಿಗೆ ಊರು ಬರಿದಾಗುತ್ತ ಬಂದಿತ್ತು. ಜೈಸಲ್ಮೇರದ ದಿವಾನ ಸಾಲಿಂ ಸಿಂಗನು ಊರಿನ ಮುಖಂಡನ ಮಗಳ ಮೇಲೆ ಕಣ್ಣು ಹಾಕಿದನೆಂದೂ, ಮಾನ ಕಳೆದುಕೊಳ್ಳಲು ಒಲ್ಲದ 84 ಹಳ್ಳಿಗಳ ಪಾಲಿವಾಲರು ಒಂದೇ ರಾತ್ರಿಯಲ್ಲಿ ಎದ್ದು ಹೋದರೆಂದೂ, ಹೋಗುವಾಗ ಇಲ್ಲಿ ಮುಂದೆ ಯಾರೂ ನೆಲೆಸದಿರಲೆಂದು ಶಪಿಸಿದರೆಂದೂ ಕಥೆ. ಅಲ್ಲಿಯ ಮಾರ್ಗದರ್ಶಿಗಳು ಈ ಕಥೆಯನ್ನು ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಸಂಜೆ ಹೊರಬಾಗಿಲು ಮುಚ್ಚುತ್ತಾರೆ. ರಾತ್ರಿ ಒಳಗೆ ಉಳಿಯಲು ಅವಕಾಶವಿಲ್ಲ. ಈ ನಿಯಮವನ್ನೂ ಶಾಪದ ಸಾಕ್ಷಿಯಾಗಿ ಬಳಸಿಕೊಳ್ಳುವ ಜಾಣರಿದ್ದಾರೆ.

ತಲಕಾಡಿನ ಕಥೆಯನ್ನು ಬಲ್ಲ ನಮಗೆ ಇದು ಹೊಸತಲ್ಲ. ಅಲ್ಲಿ ಅಲಮೇಲಮ್ಮ, ಇಲ್ಲಿ ಹೆಸರಿಲ್ಲದ ಒಬ್ಬ ಹುಡುಗಿ. ಮರಳು ಏಕೆ ಬಂತು, ನೀರು ಏಕೆ ಹೋಯಿತು ಎಂಬ ಪ್ರಶ್ನೆಗೆ ಜನಪದವು ಒಬ್ಬ ಹೆಣ್ಣುಮಗಳ ಸಂಕಟದಲ್ಲಿ ಉತ್ತರ ಹುಡುಕುತ್ತದೆ. ಈ ಕಥೆಗಳನ್ನು ಹುಸಿಯೆಂದು ಬದಿಗಿಡಬೇಡಿರಿ. ಹಾಗೆಂದು ಅಲ್ಲಿಗೇ ನಿಲ್ಲಲೂ ಬೇಡಿರಿ. ಕರ್ನಲ್ ಜೇಮ್ಸ್ ಟಾಡ್ 1829 ಮತ್ತು 1832ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದ ರಾಜಸ್ಥಾನದ ಚರಿತ್ರೆಯಲ್ಲಿ ಸಾಲಿಂ ಸಿಂಗನ ಸುಲಿಗೆಯೂ ಪಾಲಿವಾಲರು ನಾಡು ಬಿಡುತ್ತಿದ್ದುದೂ ದಾಖಲಾಗಿವೆ. ತೆರಿಗೆಯ ಭಾರ, ಬತ್ತಿದ ಬಾವಿಗಳು ಎಂಬ ಕಾರಣಗಳನ್ನು ಇತಿಹಾಸಕಾರರು ಮುಂದಿಡುತ್ತಾರೆ. ಭೂಕಂಪವೂ ಕಾರಣವಾಗಿದ್ದೀತೆಂದು 2017ರಲ್ಲಿ ಕೆಲವು ಭೂವಿಜ್ಞಾನಿಗಳು ವಾದಿಸಿದರು. ನನಗೆ ಮಾತ್ರ, ಒಂದೇ ರಾತ್ರಿಯಲ್ಲಿ ಹೋದರೆಂಬ ಮಾತಿಗಿಂತ ಒಂದೊಂದೇ ಮನೆಗೆ ಬೀಗ ಬೀಳುತ್ತ ಬಂದಿತೆಂಬ ಊಹೆಯೇ ಹೆಚ್ಚು ನಂಬಲರ್ಹವಾಗಿ ತೋರುತ್ತದೆ. ಏಕೆಂದರೆ ನಾನು ಅಂಥ ಊರುಗಳನ್ನು ಕಂಡಿದ್ದೇನೆ.

ಇನ್ನೊಂದು ಶಬ್ದವನ್ನು ಇಲ್ಲಿ ನಿಮ್ಮ ಗಮನಕ್ಕೆ ತರಬೇಕು. ಜನವಸತಿಯಿಲ್ಲದ ಊರನ್ನು ಕರ್ನಾಟಕದ ಕಂದಾಯ ದಫ್ತರಗಳಲ್ಲಿ ‘ಬೇಚರಾಕ್ ಗ್ರಾಮ’ ಎಂದು ಬರೆಯುತ್ತಾರೆ. ಪಾರಸಿಯ ‘ಬೇ ಚಿರಾಗ್’ ಎಂಬುದು ಇದರ ಮೂಲ, ಅಂದರೆ ದೀಪವಿಲ್ಲದ್ದು. ಮರಾಠಿಯಲ್ಲಿ ಅದೇ ಪದ ‘ಬೇಚಿರಾಖ’ ಆಗಿ, ಕೊನೆಯ ‘ರಾಖ’ ಬೂದಿಯನ್ನು ನೆನಪಿಸುವುದರಿಂದ, ಸುಟ್ಟು ನಾಶವಾದದ್ದು ಎಂಬ ಅರ್ಥ ಪಡೆಯಿತು. ಎಂಟನೆಯ ಇಯತ್ತೆಯಲ್ಲಿ ನಾನು ಈ ಪದವನ್ನು ಬೂದಿಯೆಂದೇ ತಿಳಿದು ನಿಬಂಧದಲ್ಲಿ ಬಳಸಿ ಗುರುಗಳ ಮೆಚ್ಚುಗೆ ಪಡೆದಿದ್ದೆ. ಅದು ದೀಪದ ಮಾತೆಂದು ತಿಳಿಯಲು ಬಹಳ ವರ್ಷಗಳು ಬೇಕಾದವು. ಕುಲಧರಾ ಆ ಮೂಲಾರ್ಥದಲ್ಲಿ ಬೇಚರಾಕ್ ಊರು.

ಆ ದೀಪವಿಲ್ಲದ ಊರನ್ನು ನೋಡಲು ಹೋದವರು ತಮ್ಮ ದೀಪವನ್ನು ಎಲ್ಲಿ ಹಚ್ಚಿಕೊಳ್ಳಬೇಕು ಎಂಬುದೇ ಪ್ರಶ್ನೆ.

ಕೋಟೆಯ ವಿಷಯದಲ್ಲಿ ನಾನು ತಪ್ಪಿತಸ್ಥ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಸುಮಾರು ಹನ್ನೆರಡು ವರ್ಷಗಳ ಹಿಂದೆ ಇಬ್ಬರು ಗೆಳೆಯರೊಂದಿಗೆ ಹೋದಾಗ ಕೋಟೆಯೊಳಗಿನ ಒಂದು ವಸತಿಗೃಹದಲ್ಲಿ ಇಳಿದೆವು. 1156ರಲ್ಲಿ ರಾವಲ್ ಜೈಸಲನು ತ್ರಿಕೂಟ ಬೆಟ್ಟದ ಮೇಲೆ ಕಟ್ಟಿಸಿದ ಕೋಟೆ. 99 ಬುರುಜುಗಳು. ಸಂಜೆಯ ಬಿಸಿಲಿಗೆ ಹೊನ್ನಿನ ಬಣ್ಣಕ್ಕೆ ತಿರುಗುವ ಕಲ್ಲು. ಸತ್ಯಜಿತ್ ರಾಯ್ ಅವರ 1974ರ ‘ಸೋನಾರ್ ಕೆಲ್ಲಾ’ ಚಿತ್ರದಿಂದ ಬಂಗಾಳಿ ಪ್ರವಾಸಿಗರಿಗೆ ಅದು ತೀರ್ಥವೇ ಆಗಿದೆ. ನಮ್ಮ ಕೋಣೆಯ ಕಿಟಕಿಯನ್ನು ಬುರುಜಿನ ಗೋಡೆಯಲ್ಲಿಯೇ ಬಿಡಿಸಿದ್ದರು. ಕೆಳಗೆ ಇಡೀ ಊರು ಕಾಣುತ್ತಿತ್ತು. ದೂಳಿನ ಪ್ರಯಾಣ ಮುಗಿಸಿ ಬಂದವರು ನಾವು, ಮೂವರೂ ಬಿಸಿನೀರಿನಲ್ಲಿ ಮನದಣಿಯೆ ಮಿಂದೆವು. ಮರುದಿನ ಬೆಳಿಗ್ಗೆ ಕೋಟೆಯ ಹೊರಸುತ್ತಿನಲ್ಲಿ ನಡೆಯುವಾಗ, ಒಣಮರಳಿನ ನಾಡಿನ ಆ ಗೋಡೆಯ ಬುಡದಲ್ಲಿ ಆಳೆತ್ತರದ ಒದ್ದೆಯ ಕಲೆಯನ್ನು ಕಂಡೆ. ಮಳೆ ಬಂದು ತಿಂಗಳುಗಳೇ ಕಳೆದಿದ್ದವು. ಅಲ್ಲಿ ಚಹಾ ಮಾರುತ್ತಿದ್ದ ಮುದುಕರನ್ನು ಕೇಳಿದೆ. ಅವರು ಮೇಲಕ್ಕೆ ಕೈ ತೋರಿಸಿ, “ಮೇಲಿನವರು ಸ್ನಾನ ಮಾಡಿದ್ದಾರೆ” ಎಂದು ಹಿಂದಿಯಲ್ಲಿ ಹೇಳಿ ನಕ್ಕರು. ಚಹಾ ಗಂಟಲಿಗೆ ಇಳಿಯಲಿಲ್ಲ.

ಆ ನಗೆಯ ಹಿಂದಿನ ವಿಚಾರ ಇಷ್ಟು. ಕೆಳಗಿನ ಬಾವಿ, ಕೆರೆಗಳಿಂದ, ಗಡಸೀಸರ್ ಸರೋವರದಿಂದ ಕೊಡ ಹೊತ್ತು ತರುತ್ತಿದ್ದ ಕಾಲಕ್ಕೆ ತಕ್ಕಂತೆ ಕಟ್ಟಿದ ಕೋಟೆ ಅದು. ನಳ ಬಂತು, ಶೌಚಾಲಯಗಳು ಬಂದವು, ಪ್ರವಾಸಿಗರು ಬಂದರು, ಪ್ರತಿ ಕೋಣೆಗೂ ಬಚ್ಚಲು ಸೇರಿತು. ಬಳಸಿದ ನೀರು ಪೂರ್ತಿಯಾಗಿ ಹೊರಗೆ ಹೋಗದೆ ಬೆಟ್ಟದೊಳಗೆ ಇಂಗುತ್ತದೆ. ಮೆದುವಾದ ಪದರಗಳು ನೀರು ಕುಡಿದು ಸಡಿಲಾಗುತ್ತವೆ. ಮೇಲಿನ ಗೋಡೆ ಜರಗುತ್ತದೆ. 1990ರ ದಶಕದಲ್ಲಿ ಕೆಲವು ಬುರುಜುಗಳು ಕುಸಿದವು. 1996ರಲ್ಲಿ ವಿಶ್ವ ಸ್ಮಾರಕ ನಿಧಿಯು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಈ ಕೋಟೆಯನ್ನು ಸೇರಿಸಿತು. ಚರಂಡಿ, ಗೋಡೆಗಳ ದುರಸ್ತಿ ಆಮೇಲೆ ನಡೆದಿದೆ. 2013ರಲ್ಲಿ ರಾಜಸ್ಥಾನದ ಆರು ಗಿರಿದುರ್ಗಗಳಲ್ಲಿ ಒಂದಾಗಿ ಯುನೆಸ್ಕೋ ಪಟ್ಟಿಗೂ ಸೇರಿತು. ಆದರೆ ನೀರು ಪಟ್ಟಿಗಳನ್ನು ಓದುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಕೋಟೆಯೊಳಗೆ ಸಾವಿರಾರು ಜನ ಇಂದಿಗೂ ಬಾಳುತ್ತಿದ್ದಾರೆ, ಪ್ರವಾಸಿಗರೇ ಅವರ ಅನ್ನ, ನೀವು ಬೇಡವೆಂದರೆ ಅವರೇನು ಮಾಡಬೇಕು? ವರ್ಗದಲ್ಲಿ ಒಬ್ಬ ವಿದ್ಯಾರ್ಥಿನಿ ಇದನ್ನು ಕೇಳಿದಳು; ಕೇಳಬೇಕಾದ ಪ್ರಶ್ನೆಯೇ ಅದು. ಕಳೆದ ವರ್ಷ ನಾವು ಹಂಪಿಗೆ ಹೋದಾಗ ಕಂಡದ್ದನ್ನು ನೆನೆಯಿರಿ. ವಿರೂಪಾಕ್ಷ ಗುಡಿಯ ಮುಂದಿನ ಸಾಲುಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು 2011ರಲ್ಲಿ ತೆರವುಗೊಳಿಸಿದರು. ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು, 2020ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿದ ಮೇಲೆ, ಕೆಡವಿದರು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನ್ನ ಮನಸ್ಸು ಒಪ್ಪುವುದಿಲ್ಲ. ಗಡ್ಡೆಯದು ವ್ಯಾಪಾರ, ಬಜಾರಿನದು ಬಹುಪಾಲು ಬಾಳುವೆ. ಬಜಾರು ಖಾಲಿಯಾದ ಮೇಲೆ ಆ ಸಾಲುಮಂಟಪಗಳ ನಡುವೆ ನಡೆದಾಗ ನನಗೆ ಅದೂ ಒಂದು ಬೇಚರಾಕ್ ಊರಿನಂತೆ ಕಂಡಿತು. ಜೈಸಲ್ಮೇರದ ಕೋಟೆಗೆ ಆ ಗತಿ ಬರಬಾರದು. ಒಳಗೆ ವಸ್ತೀ ಇರಲಿ; ನಾವು ವಸ್ತಿ ಮಾಡುವುದು ಬೇಡ. ಹಗಲೆಲ್ಲ ಮೇಲೆಯೇ ಇರೋಣ, ಅಲ್ಲಿಯೇ ಉಣ್ಣೋಣ, ಕೊಳ್ಳುವುದನ್ನು ಅಲ್ಲಿಯ ಅಂಗಡಿಗಳಲ್ಲಿಯೇ ಕೊಳ್ಳೋಣ. ಸ್ನಾನವನ್ನು ಮಾತ್ರ ಬೆಟ್ಟದ ಕೆಳಗೆ ಮಾಡೋಣ. ಇದರಿಂದ ಕೋಣೆ ಬಾಡಿಗೆಯಲ್ಲಿಯೇ ಬದುಕುವವರಿಗೆ ನಷ್ಟವಾಗುತ್ತದೆ ಎಂಬುದನ್ನು ನಾನು ಅಲ್ಲಗಳೆಯಲಾರೆ.

ಇನ್ನು ಡೇರೆಗಳು. ಸಮ್ ಎಂಬಲ್ಲಿಯ ಮರಳ ದಿಬ್ಬಗಳು ಜೈಸಲ್ಮೇರದಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರು. ‘ಕುಲಧರಾದ ಹತ್ತಿರ’ ಎಂದು ಜಾಹೀರಾತಿನಲ್ಲಿ ಕಂಡರೆ ನಂಬಬೇಡಿರಿ. ಅದು ದಾರಿಯಲ್ಲಿ ಸಿಗುವ ಊರೆಂಬಷ್ಟೇ ನಿಜ. ಅದೇ ಪ್ರವಾಸದ ಎರಡನೆಯ ರಾತ್ರಿಯನ್ನು ನಾವು ಅಲ್ಲಿ ಕಳೆದೆವು. ಒಂಟೆ ಸವಾರಿ, ಊಟ, ಕುಣಿತ ಎಲ್ಲ ಸೇರಿ ಒಂದೇ ದರ. ರಾತ್ರಿ ಎಂಟಕ್ಕೆ ಧ್ವನಿವರ್ಧಕ ಆರಂಭವಾಯಿತು. ನಮ್ಮ ಶಿಬಿರದ ಹಾಡು ನಿಂತರೆ ಪಕ್ಕದ ಶಿಬಿರದ್ದು ಕೇಳುತ್ತಿತ್ತು. ಕಾಲಬೇಲಿಯಾ ನೃತ್ಯವು 2010ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದ ಕಲೆ. ಅಂದು ಆ ಹೆಣ್ಣುಮಕ್ಕಳು ಸಿನಿಮಾ ಹಾಡಿಗೆ ಕುಣಿಯಬೇಕಾಯಿತು, ಕುಡಿದವರು ನಡುವೆ ನುಗ್ಗಿ ಕೈ ಹಿಡಿದರು. ವಿದ್ಯಾರ್ಥಿನಿಯರನ್ನು ಕರೆದುಕೊಂಡು ಹೋಗುವ ಅಧ್ಯಾಪಕನಾಗಿ ಈ ಒಂದು ನೆನಪೇ ನನಗೆ ಸಾಕು.

ಆದರೂ ಇನ್ನೊಂದು ನೆನಪನ್ನು ಹೇಳುತ್ತೇನೆ. ಹಾಡುವವರು ಮಾಂಗಣಿಯಾರರು. ಧರ್ಮದಿಂದ ಮುಸಲ್ಮಾನರಾಗಿದ್ದು, ತಲೆಮಾರುಗಳಿಂದ ರಜಪೂತ ಮನೆಗಳ ಹುಟ್ಟು, ಮದುವೆ, ಸಾವುಗಳಲ್ಲಿ ಹಾಡುತ್ತ ಬಂದವರು. ಯಜಮಾನರ ವಂಶಾವಳಿಯನ್ನು ಬಾಯಲ್ಲಿಟ್ಟುಕೊಂಡವರು. ಎಲ್ಲ ಗದ್ದಲ ಅಡಗಿದ ಮೇಲೆ ಅಡುಗೆ ಡೇರೆಯ ಹಿಂದೆ ಅವರಲ್ಲಿ ಹಿರಿಯರೊಬ್ಬರು ಕಮಾಯಿಚಾ ವಾದ್ಯವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. ಇಡೀ ಸಂಜೆ ಅದನ್ನು ಹೊರಗೇ ತೆಗೆದಿರಲಿಲ್ಲ. ನಾನು ಕೇಳಿಕೊಂಡೆ. ಅವರು ಹದಿನೈದು ನಿಮಿಷ ನುಡಿಸಿ ಹಾಡಿದರು. ಅರ್ಥ ನನಗೆ ಹತ್ತಿಲ್ಲ. ನಮ್ಮ ಗೊಂದಲಿಗರು ದೇವಿಯನ್ನು ಕರೆಯುವಾಗಿನ ಏರುದನಿ ಮಾತ್ರ ನೆನಪಾಯಿತು. ನನ್ನ ಇಡೀ ಪ್ರವಾಸದ ಫಲ ಆ ಹದಿನೈದು ನಿಮಿಷ. ದರಪಟ್ಟಿಯಲ್ಲಿ ಅದು ಇರಲಿಲ್ಲ.

ಸಮ್ ಮತ್ತು ಅದರ ಸುತ್ತಲಿನ ಸೀಮೆ ಮರುಭೂಮಿ ರಾಷ್ಟ್ರೀಯ ಉದ್ಯಾನದ ನೆರೆ ಎಂಬುದೂ ನಮಗೆ ಮುಖ್ಯವಾಗಬೇಕು. ನಾವು ಮಾಳಢೋಕ ಎಂದೂ ಕನ್ನಡದಲ್ಲಿ ಎರೆಭೂತ ಎಂದೂ ಕರೆಯುವ ಹಕ್ಕಿ ಜಗತ್ತಿನಲ್ಲಿ ಉಳಿದಿರುವುದು ಬಹುಪಾಲು ಜೈಸಲ್ಮೇರದ ಸುತ್ತ. ಅದರ ಸಂವರ್ಧನ ಕೇಂದ್ರವೊಂದು ಸಮ್‌ನಲ್ಲಿಯೇ ಇದೆ. ನಮ್ಮ ಸೊಲ್ಲಾಪುರದ ಬಳಿಯ ನಾನ್ನಜದಲ್ಲಿ 1979ರಲ್ಲಿ ಈ ಹಕ್ಕಿಗಾಗಿಯೇ ಅಭಯಾರಣ್ಯ ಮಾಡಿದರು. ಹುಡುಗನಾಗಿದ್ದಾಗ ನಾನು ಬಸ್ಸಿನ ಕಿಟಕಿಯಿಂದ, ಜೋಳದ ಹೊಲದ ಅಂಚಿನಲ್ಲಿ, ಮುದುಕ ಶಾನುಭೋಗರಂತೆ ಕತ್ತೆತ್ತಿ ನಡೆಯುತ್ತಿದ್ದ ಒಂದನ್ನು ಕಂಡಿದ್ದೆ. ನಿಮ್ಮಲ್ಲಿ ಒಬ್ಬರೂ ಕಂಡಿಲ್ಲ. ಇನ್ನು ಇಲ್ಲಿ ಕಾಣುವಿರೆಂಬ ಭರವಸೆಯೂ ಕಡಿಮೆ. ಇಲ್ಲಿ ಕಳೆದುಕೊಂಡದ್ದು ಅಲ್ಲಿ ಅಷ್ಟಿಷ್ಟು ಉಳಿದಿರುವಾಗ, ಅದರ ಅಂಗಳದಲ್ಲಿ ಜನರೇಟರ್ ಹಚ್ಚಿ ಕುಣಿಯುವುದು ನಮಗೆ ಒಪ್ಪುವ ಮಾತಲ್ಲ. ಎಲ್ಲ ಶಿಬಿರಗಳೂ ಒಂದೇ ತೆರನಲ್ಲ, ಸದ್ದಿಲ್ಲದವೂ ಇವೆಯೆಂದು ಕೇಳಿದ್ದೇನೆ. ಆದರೆ ಪಕ್ಕದವರ ಸದ್ದಿಗೆ ಅವರಾದರೂ ಏನು ಮಾಡಿಯಾರು?

ಖೂರೀ ಎಂಬ ಹಳ್ಳಿಯ ಹೆಸರನ್ನೂ ಕೆಲವರು ಹೇಳಿದರು. ಸೋಢಾ ರಜಪೂತರ ಹಳ್ಳಿ. ಮಣ್ಣಿನ ಗೋಡೆ, ಹುಲ್ಲಿನ ಮಾಡಿನ ಮನೆಗಳಲ್ಲಿ ಅತಿಥಿಗಳನ್ನು ಇಳಿಸಿಕೊಳ್ಳುತ್ತಾರೆ. ದಿಬ್ಬಗಳು ನಡೆದು ಹೋಗುವಷ್ಟು ಹತ್ತಿರ. ಇಬ್ಬರೋ ನಾಲ್ವರೋ ಹೋಗುವುದಾದರೆ ನಾನು ಕಣ್ಣು ಮುಚ್ಚಿ ಅಲ್ಲಿಗೇ ಕಳಿಸುತ್ತೇನೆ. ಆದರೆ ನಾವು ಮೂವತ್ತೆರಡು ಜನ. ವರ್ಷಕ್ಕೆ ಸುಮಾರು 200 ಮಿಲಿಮೀಟರು ಮಳೆ ಬೀಳುವ ಜಿಲ್ಲೆಯ ಒಂದು ಹಳ್ಳಿಗೆ ಮೂವತ್ತೆರಡು ಜನ ಒಮ್ಮೆಲೇ ಇಳಿದರೆ ಅದು ಅತಿಥಿಗಳು ಬಂದಂತಲ್ಲ, ದಂಡು ಬಂದಂತೆ. ನಮ್ಮಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಮಳೆ ಬಿದ್ದು, ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವುದು ತಪ್ಪಿಲ್ಲವೆಂಬುದು ನಿಮಗೆ ಗೊತ್ತು.

ಆದ್ದರಿಂದ ನನ್ನ ಆಯ್ಕೆ ಬಹಳ ಸಪ್ಪೆಯದು: ಕೋಟೆಯ ಕೆಳಗಿನ ಊರಿನಲ್ಲಿ, ಸಾಲುಕೋಣೆಗಳಿರುವ ಒಂದು ಸಾಧಾರಣ ವಸತಿಗೃಹ, ಎರಡು ರಾತ್ರಿ. ಚಿತ್ರ ತೆಗೆದು ಗೆಳೆಯರಿಗೆ ಕಳಿಸಲು ಅಲ್ಲಿ ಏನೂ ಇಲ್ಲ. ಆದರೆ ನಸುಕಿನಲ್ಲಿ ಹೊರಟರೆ ಅರ್ಧ ಗಂಟೆಯೊಳಗೆ ಕುಲಧರಾ ತಲುಪುತ್ತೇವೆ. ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿದ್ದರೆ, ದಿಬ್ಬಗಳಿಂದ ಹಿಂದಿರುಗುವ ಗಾಡಿಗಳು ಬರುವ ಮೊದಲು, ಒಂದೆರಡು ತಾಸು ಆ ಬೀದಿಗಳು ನಮ್ಮವು. ಡೇರೆಯಲ್ಲಿ ನಡುರಾತ್ರಿಯವರೆಗೆ ಎಚ್ಚರವಿದ್ದವರು ಆ ಹೊತ್ತಿಗೆ ಏಳಲಾರರು, ಎದ್ದರೂ ನೋಡಲಾರರು.

ನೋಡಬೇಕಾದದ್ದಾದರೂ ಏನು? ಗೋಡೆಗಳನ್ನಷ್ಟೇ ನೋಡಿ ಬರುವುದಾದರೆ ಇಷ್ಟು ದೂರ ಹೋಗುವ ಅಗತ್ಯವಿಲ್ಲ. ಪಾಲಿವಾಲರ ನಿಜವಾದ ಕಟ್ಟಡ ‘ಖಡೀನ’. ಕಲ್ಲುನೆಲದ ಇಳಿಜಾರಿನ ಕೆಳಗೆ ಉದ್ದವಾದ ಮಣ್ಣಿನ ಒಡ್ಡು ಹಾಕಿ, ಮಳೆಯ ಹರಿನೀರನ್ನು ತಡೆದು, ಅದು ನೆಲಕ್ಕಿಂಗಿದ ಮೇಲೆ ಆ ತೇವದಲ್ಲಿಯೇ ಹಿಂಗಾರಿಗೆ ಗೋಧಿ, ಕಡಲೆ ಬೆಳೆಯುವ ವಿದ್ಯೆ. ಅನುಪಮ ಮಿಶ್ರರು 1995ರ ತಮ್ಮ ‘ರಾಜಸ್ಥಾನ್ ಕೀ ರಜತ್ ಬೂಂದೇಂ’ ಪುಸ್ತಕದಲ್ಲಿ ಮರುನಾಡಿನ ಈ ನೀರಿನ ತಿಳಿವಳಿಕೆಯನ್ನು ವಿವರಿಸಿದ್ದಾರೆ. ಹಿಂದಿ ಬಲ್ಲವರು ಹೋಗುವ ಮುನ್ನ ಓದಿರಿ. ಖಡೀನಗಳಲ್ಲಿ ಹಲವು ಇಂದಿಗೂ ಬೆಳೆ ಕೊಡುತ್ತಿವೆ. ಮನೆ ಬಿದ್ದಿದೆ, ಹೊಲ ಬದುಕಿದೆ. ಮಾರ್ಗದರ್ಶಿಗಳು ಇದನ್ನು ತೋರಿಸುವುದಿಲ್ಲ, ಏಕೆಂದರೆ ಒಡ್ಡಿನ ಮೇಲೆ ದೆವ್ವಗಳಿಲ್ಲ.

ದೆವ್ವದ ಮಾತಿಗೆ ಜತ್ತ ತಾಲೂಕಿನಿಂದ ಬರುವ ಒಬ್ಬ ವಿದ್ಯಾರ್ಥಿಯ ಮಾತನ್ನು ಸೇರಿಸಬೇಕು. ಕುಲಧರಾದ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದ ದಿನ, ರಾತ್ರಿ ಅಲ್ಲಿ ಏನೇನೋ ಕೇಳಿಸುತ್ತದಂತೆ ಎಂದು ಒಬ್ಬರು ಹೇಳಿ, ಉಳಿದವರು ನಗುತ್ತಿದ್ದರು. ಅವನು ಎದ್ದು, “ಸರ್, ದೀಪಾವಳಿ ಆದಮ್ಯಾಲ ನಮ್ಮ ಓಣಿನೂ ಹಿಂಗ ಇರತೈತ್ರಿ. ಎಲ್ಲಾರೂ ಕಬ್ಬ ಕಡ್ಯಾಕ ಹೋಗಿರ್ತಾರ. ಬಾಗಲಿಗಿ ಕೀಲಿ, ಒಳಗ ಮುದುಕಿ ಒಬ್ಬಾಕಿ. ನಮ್ಮೂರಿಗಿ ಯಾರೂ ತಿಕೀಟ ತಗಸಿ ಬರಂಗಿಲ್ರಿ” ಎಂದ. ವರ್ಗ ಸ್ತಬ್ಧವಾಯಿತು. ಆ ತಾಲೂಕಿನ ಗ್ರಾಮಪಂಚಾಯಿತಿಗಳು ನೀರಿಗಾಗಿ 2012ರಲ್ಲಿ ಕರ್ನಾಟಕಕ್ಕೆ ಸೇರುತ್ತೇವೆಂದು ಠರಾವು ಮಾಡಿದ್ದನ್ನು ಪತ್ರಿಕೆಗಳು ಎರಡು ರಾಜ್ಯಗಳ ಜಗಳವಾಗಿ ಬರೆದವು. ಊರು ಬಿಡುವುದು ಹೇಗೆ ಆರಂಭವಾಗುತ್ತದೆ ಎಂಬುದನ್ನು ಆ ಹುಡುಗ ಎರಡು ವಾಕ್ಯಗಳಲ್ಲಿ ಹೇಳಿದ್ದ. ಪ್ರವಾಸದ ವರದಿಯನ್ನು ಬರೆಯುವ ಹೊಣೆಯನ್ನು ಅವನಿಗೇ ವಹಿಸಿದ್ದೇನೆ.

ಆದರೆ ಪ್ರವಾಸದ ಹಣ ಅವನಿಗೆ ಹೊಂದುವುದೇ ಎಂಬುದೂ ಈ ಆಯ್ಕೆಯೊಳಗಿದೆ. ಡೇರೆಯ ಒಂದು ರಾತ್ರಿಯ ದರದಲ್ಲಿ ಕೆಳಗಿನ ಊರಿನಲ್ಲಿ ಎರಡು ರಾತ್ರಿ ಕಳೆದು ಊಟದ ಖರ್ಚಿಗೂ ಸ್ವಲ್ಪ ಉಳಿಯುತ್ತದೆಂದು ನಮ್ಮ ಲೆಕ್ಕ ಹೇಳುತ್ತದೆ. ಬಹುಮತದಿಂದ ಡೇರೆಗಳೇ ಆಗಲಿ ಎಂದರೆ ಐದಾರು ಹೆಸರುಗಳು ಪಟ್ಟಿಯಿಂದ ಸದ್ದಿಲ್ಲದೆ ಬಿಟ್ಟುಹೋಗುತ್ತವೆ. ‘ಮನೆಯಲ್ಲಿ ಕೆಲಸವಿದೆ’ ಎಂಬ ಕಾರಣವನ್ನು ನಾನು ಇಪ್ಪತ್ತೈದು ವರ್ಷಗಳಿಂದ ಕೇಳುತ್ತಿದ್ದೇನೆ. ನನ್ನ ವಿದ್ಯಾರ್ಥಿದೆಸೆಯಲ್ಲಿ ನಾನೂ ಹೇಳಿದ್ದೇನೆ.

ಮರಳ ದಿಬ್ಬವನ್ನು ನೋಡದೆ ಬರಬೇಕೆ ಎಂದು ಬೇಸರಿಸಬೇಡಿರಿ. ಎರಡನೆಯ ದಿನ ಮಧ್ಯಾಹ್ನ ಪಾಲಿವಾಲರದೇ ಇನ್ನೊಂದು ಊರಾದ ಖಾಭಾವನ್ನು ನೋಡಿಕೊಂಡು, ಸಂಜೆ ಖೂರೀ ಕಡೆಯ ದಿಬ್ಬಗಳ ಮೇಲೆ ಸೂರ್ಯಾಸ್ತ ಕಂಡು, ಕತ್ತಲಾದ ಮೇಲೆ ಅರ್ಧ ತಾಸು ಸುಮ್ಮನೆ ಕುಳಿತು ಹಿಂದಿರುಗೋಣ. ಕಮಾಯಿಚಾ ನುಡಿಸುವವರನ್ನು ವಸತಿಗೃಹದ ಮಾಳಿಗೆಗೇ ಕರೆಸಿ, ಅವರು ಕೇಳಿದ ಸಂಭಾವನೆಯನ್ನು ನೇರವಾಗಿ ಅವರ ಕೈಗೇ ಕೊಟ್ಟು, ಅವರ ಇಷ್ಟದ ಹಾಡುಗಳನ್ನು ಕೇಳುವ ಏರ್ಪಾಡು ಮಾಡಬಹುದೇ ಎಂದು ವಿಚಾರಿಸುತ್ತಿದ್ದೇನೆ.

ಮತ್ತೊಮ್ಮೆ ಕೈ ಎತ್ತಿಸುತ್ತೇನೆ. ಇದನ್ನು ಓದಿದ ಮೇಲೂ ಡೇರೆಗಳೇ ಬೇಕೆನ್ನುವವರು ಎದ್ದು ತಮ್ಮ ವಾದವನ್ನು ಹೇಳಬೇಕು, ನಾನು ಕೇಳುತ್ತೇನೆ. ಯಾವ ತೀರ್ಮಾನವಾದರೂ ಡಿಸೆಂಬರಿನ ರಾತ್ರಿಗಳಲ್ಲಿ ಅಲ್ಲಿ ಮೂಳೆ ಕೊರೆಯುವ ಚಳಿ, ಕಂಬಳಿ ಇರಲಿ. ಜೋಧಪುರದಿಂದ ಐದಾರು ತಾಸಿನ ರೈಲು ಪ್ರಯಾಣದಲ್ಲಿ ದೂಳು ಮುಖಕ್ಕೆ ಮೆತ್ತುತ್ತದೆ, ಟವೆಲ್ಲು ಇರಲಿ. ಮತ್ತು ಒಬ್ಬೊಬ್ಬರೂ ಒಂದು ತಂಬಿಗೆ ತನ್ನಿರಿ. ನಳದ ಕೆಳಗೆ ನಿಂತು ಮೀಯುವ ರೂಢಿ ಆ ಎರಡು ದಿನ ಬೇಡ.